ಖಾಲಿ ಬಿಟ್ಟ ಜಾಗ ದಂಡವೇ?

ಪುಸ್ತಕವೊಂದು ಅಚ್ಚಿಗೆ ಹೋಗುವ ಹೊತ್ತಿಗೆ ಒಂದು ಮಾತು ತಪ್ಪದೆ ಬರುತ್ತದೆ. ಸುತ್ತಲೂ ಇಷ್ಟೊಂದು ಜಾಗ ಸುಮ್ಮನೆ ಯಾಕೆ ಬಿಡಬೇಕು, ಸ್ವಲ್ಪ ಹಿಗ್ಗಿಸಿ ಕೂರಿಸಿದರೆ ಎರಡು ಮೂರು ಫಾರಂ (ಹದಿನಾರು ಪುಟಕ್ಕೆ ಒಂದು ಫಾರಂ) ಉಳಿಯುತ್ತದಲ್ಲ ಎಂದು. ಪ್ರಕಾಶಕರು ಹೇಳಬಹುದು, ಡಿಟಿಪಿ ಮಾಡುವವರೇ ಸೂಚಿಸಬಹುದು, ತಮ್ಮ ಖರ್ಚಿನಲ್ಲೇ ಪುಸ್ತಕ ತರುತ್ತಿರುವ ಲೇಖಕರಂತೂ ಕೇಳದೆ ಇರುವುದಿಲ್ಲ. ಸ್ಮರಣ ಸಂಚಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ಸಂಘದ ಮಾಸಪತ್ರಿಕೆಗಳಲ್ಲಿ ಇದೇ ಮಾತಿಗೆ ಇನ್ನಷ್ಟು ಬಲ. ಅಲ್ಲಿ ಖಾಲಿ ಕಂಡ ಮೂಲೆಗೆಲ್ಲ ಒಂದು ಚುಟುಕವೋ ಸುಭಾಷಿತವೋ ಹೂಬಳ್ಳಿಯ ಚಿತ್ರವೋ ಬಂದು ಕೂರುತ್ತದೆ. ಇದನ್ನು ಬರೀ ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ಪುಟವೆಂದರೇನು ಎಂಬ ಬಗ್ಗೆ ಒಂದು ತಿಳಿವಳಿಕೆ ಇದೆ. ಆ ತಿಳಿವಳಿಕೆ ಗೊಂದಲದ್ದು ಎಂಬುದು ನನ್ನ ವಾದ. ಆದರೂ ಅದನ್ನು ಅದರ ಪರವಾಗಿರುವವರೇ ಒಪ್ಪುವ ಹಾಗೆ ಮೊದಲು ಹೇಳಿಬಿಡಬೇಕು. ಬಿಡಿಸಿ ನೋಡಿದರೆ ಅದರಲ್ಲಿ ಮೂರು ಎಳೆಗಳಿವೆ.

1. ಓದುಗ ಹಣ ಕೊಡುವುದು ಬರಹಕ್ಕೆ. ಪುಟವಿನ್ಯಾಸ ಆಮೇಲೆ ತೊಡಿಸುವ ಅಲಂಕಾರ. ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವೇನೂ ಇಲ್ಲ.

2. ಅಕ್ಷರವಿಲ್ಲದ ಜಾಗ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಅದಕ್ಕೆ ಸುರಿದ ಕಾಗದದ ದುಡ್ಡು ದಂಡ.

3. ಪುಟಕ್ಕೆ ನಿಯಮಗಳಿದ್ದರೂ ಅವು ಎಲ್ಲ ಭಾಷೆಗೂ ಒಂದೇ. ಸಾಫ್ಟ್‌ವೇರ್ ತಾನಾಗಿ ಕೊಡುವ ಅಳತೆಗಳಲ್ಲಿ ಅವು ಈಗಾಗಲೇ ಅಡಕವಾಗಿವೆ.

ಮೊದಲನೆಯದು. ತೆಗೆದುಹಾಕಿದರೂ ಹೇಳಿದ ಮಾತಿಗೆ ಧಕ್ಕೆ ಬಾರದಿದ್ದರೆ ಅದನ್ನು ಅಲಂಕಾರ ಎನ್ನಬಹುದು. ಅಧ್ಯಾಯದ ಕೊನೆಯ ಹೂಬಳ್ಳಿಯನ್ನು ಅಳಿಸಿದರೆ ಏನೂ ಆಗುವುದಿಲ್ಲ. ಈಗ ಒಂದು ಉಪಶೀರ್ಷಿಕೆಯನ್ನು ನೋಡಿ. ಅದರ ಮೇಲೆ ಒಂದು ಸಾಲಿನಷ್ಟು, ಕೆಳಗೂ ಒಂದು ಸಾಲಿನಷ್ಟು ಜಾಗ ಬಿಟ್ಟರೆ ಅದು ಮುಗಿದ ಭಾಗದ ಬಾಲವೋ ಬರುವ ಭಾಗದ ತಲೆಯೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಓದಿಯೇ ತಿಳಿಯಬೇಕು. ಮೇಲೆ ಒಂದೂವರೆ ಸಾಲು, ಕೆಳಗೆ ಅರ್ಧ ಸಾಲು ಬಿಟ್ಟು ನೋಡಿ. ಖರ್ಚಾದ ಜಾಗ ಅಷ್ಟೇ, ಎರಡು ಸಾಲು. ಆದರೆ ಒಂದಕ್ಷರ ಓದುವ ಮೊದಲೇ ಶೀರ್ಷಿಕೆ ಕೆಳಗಿನ ಭಾಗಕ್ಕೆ ಸೇರಿದ್ದೆಂದು ಗೊತ್ತಾಗುತ್ತದೆ. ಹತ್ತಿರ ಇರುವವು ಒಂದೇ ಗುಂಪಿನವು ಎಂದು ಕಣ್ಣು ತಾನಾಗಿ ಎಣಿಸುತ್ತದೆ. ಒಂದೇ ಬಗೆಯಾಗಿ ಕಾಣುವವನ್ನೂ ಹಾಗೆಯೇ ಕೂಡಿಸಿಕೊಳ್ಳುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತ್‌ಹೈಮರ್ 1923ರಲ್ಲಿ ಚುಕ್ಕಿಗಳ ಸಾಲುಗಳನ್ನು ಬರೆದು ತೋರಿಸಿದ್ದು ಇದನ್ನೇ. ಚುಕ್ಕಿ ಚುಕ್ಕಿಯ ನಡುವಿನ ಅಂತರ ಬದಲಾದರೆ ಸಾಕು, ಅವೇ ಚುಕ್ಕಿಗಳು ಬೇರೆ ಬೇರೆ ಗುಂಪುಗಳಾಗಿ ಕಾಣುತ್ತವೆ. ಇದರಲ್ಲಿ ಅಭಿರುಚಿಯ ಪ್ರಶ್ನೆ ಇಲ್ಲ, ಚೆಂದದ ಪ್ರಶ್ನೆಯೂ ಇಲ್ಲ. ಸ್ಮರಣ ಸಂಚಿಕೆಯ ಒಂದೇ ಪುಟದಲ್ಲಿ ನಾಲ್ಕು ಫೋಟೋ ಹಾಕಿ, ಅಡಿಬರಹವನ್ನು ಮೇಲಿನ ಫೋಟೋಗೂ ಕೆಳಗಿನ ಫೋಟೋಗೂ ಸಮದೂರದಲ್ಲಿ ಕೂರಿಸಿದರೆ ಅಧ್ಯಕ್ಷರ ಹೆಸರು ಖಜಾಂಚಿಯ ಮುಖಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಅಲಂಕಾರದ ದೋಷ ಎನ್ನಲಾದೀತೆ? ಅದು ತಪ್ಪು ಮಾಹಿತಿ.

ಹೀಗಿರುವಾಗ ಪುಟವಿನ್ಯಾಸದ ಮೊದಲ ಕೆಲಸ ಬರಹದೊಳಗಿನ ಸಂಬಂಧಗಳನ್ನು ಕಣ್ಣಿಗೆ ಕಾಣಿಸುವುದು: ಯಾವುದು ಯಾವುದಕ್ಕೆ ಸೇರಿದ್ದು, ಯಾವುದು ಮೊದಲು, ಯಾವುದು ಮುಖ್ಯ, ಎಲ್ಲಿ ಒಂದು ಮಾತು ಮುಗಿದು ಇನ್ನೊಂದು ಶುರುವಾಯಿತು. ಈ ಸಂಬಂಧಗಳು ಬರಹದಲ್ಲೇ ಇರುವಂಥವು. ವಿನ್ಯಾಸಕಾರ ಅವನ್ನು ಹುಟ್ಟಿಸುವುದಿಲ್ಲ, ಮುಚ್ಚಿಹಾಕದೆ ಇದ್ದರೆ ಸಾಕು. ಅದಕ್ಕೇ ಒಂದು ಸಂಬಂಧಕ್ಕೆ ಒಂದೇ ಗುರುತು ಸಾಲುತ್ತದೆ. ಹೊಸ ಪ್ಯಾರಾ ಎಂದು ತಿಳಿಸಲು ಮೊದಲ ಸಾಲನ್ನು ಒಳಕ್ಕೆ ಸರಿಸಬಹುದು, ಇಲ್ಲವೇ ಮೇಲೆ ಜಾಗ ಬಿಡಬಹುದು. ನಮ್ಮ ಪುಸ್ತಕಗಳಲ್ಲಿ ಎರಡನ್ನೂ ಮಾಡುತ್ತಾರೆ. ಮಾಡಿದವರೇ ಮರುದಿನ ಜಾಗ ಸಾಲದು ಎಂದು ಅಂಚನ್ನು ಕತ್ತರಿಸುತ್ತಾರೆ. ಬಿಳಿ ಜಾಗ ನಿಜವಾಗಿ ದಂಡವಾಗುವುದು ಇಲ್ಲಿ. ಆದರೆ ದಂಡ ಯಾವುದು, ದುಡಿಯುವ ಜಾಗ ಯಾವುದು ಎಂದು ಹೇಳಬೇಕಾದರೆ ಪ್ರತಿ ಅಂತರವೂ ಏನು ಹೇಳುತ್ತಿದೆ ಎಂದು ಕೇಳಲೇಬೇಕು. ಹಾಗೆ ಕೇಳಿದ ಮೇಲೆ ಎರಡನೆಯ ಎಳೆ, ಅಂದರೆ ಖಾಲಿ ಜಾಗ ಏನನ್ನೂ ಹೇಳುವುದಿಲ್ಲ ಎಂಬುದು, ನಿಲ್ಲುವುದಿಲ್ಲ.

ಇದು ಯಾವ ಲಿಪಿಗಾದರೂ ಸಲ್ಲುವ ಮಾತು. ಕನ್ನಡಕ್ಕೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ರೋಮನ್ ಲಿಪಿಯಲ್ಲಿ ಒಂದು ಪದವನ್ನೋ ಶೀರ್ಷಿಕೆಯನ್ನೋ ಬೇರೆಯಾಗಿ ತೋರಿಸಲು ಹಲವು ಸಾಧನಗಳಿವೆ. ದೊಡ್ಡಕ್ಷರಗಳಿವೆ. ಇಟಾಲಿಕ್ ಇದೆ, ಮತ್ತು ಅದು ನೆಟ್ಟಗಿನ ಅಕ್ಷರವನ್ನು ವಾಲಿಸಿ ಮಾಡಿದ್ದಲ್ಲ; ಕೈಬರಹದಿಂದ ಹುಟ್ಟಿದ ಬೇರೆಯೇ ಅಚ್ಚು, ವೆನಿಸ್ಸಿನ ಆಲ್ಡಸ್ ಮನೂಟಿಯಸ್ 1501ರಲ್ಲೇ ಅದರಲ್ಲಿ ಇಡೀ ಪುಸ್ತಕ ಮುದ್ರಿಸಿದ್ದ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದ ಇಲ್ಲ. ನಮ್ಮ ಪುಟಗಳಲ್ಲಿ ಕಾಣುವ ಓರೆ ಅಕ್ಷರ ಹೆಚ್ಚಿನ ಸಲ ಯಂತ್ರ ಎಳೆದು ವಾಲಿಸಿದ್ದು. ಗುಂಡಗಿನ ಅಕ್ಷರಗಳು ಅದರಲ್ಲಿ ಮುಗ್ಗರಿಸಿದಂತೆ ಕಾಣುತ್ತವೆ. ಉಳಿದದ್ದು ಬೋಲ್ಡ್. ಅದರ ಕಷ್ಟ ಅಕ್ಷರದ ಆಕಾರದಲ್ಲೇ ಇದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಹತ್ತು ಪಾಯಿಂಟಿನ ಬೋಲ್ಡ್ ಅಕ್ಷರವನ್ನು ಶಾಯಿ ಹೀರುವ ಅಗ್ಗದ ಕಾಗದದ ಮೇಲೆ ಮುದ್ರಿಸಿದರೆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ, ಧನ ಯಾವುದು ದನ ಯಾವುದು ಎಂಬುದನ್ನು ವಾಕ್ಯದ ಹಿಂದುಮುಂದು ನೋಡಿ ಊಹಿಸಬೇಕಾಗುತ್ತದೆ. ದೊಡ್ಡಕ್ಷರ ಇಲ್ಲ, ಇಟಾಲಿಕ್ ಹೆಸರಿಗಷ್ಟೇ, ಬೋಲ್ಡನ್ನು ಹೆಚ್ಚು ಬಳಸುವಂತಿಲ್ಲ. ಹಾಗಾದರೆ ಕನ್ನಡ ಪುಟಕ್ಕೆ ಉಳಿದ ಮುಖ್ಯ ಸಾಧನಗಳು ಎರಡೇ: ಅಕ್ಷರದ ಗಾತ್ರ, ಸುತ್ತ ಬಿಟ್ಟ ಜಾಗ. ಇಂಗ್ಲಿಷ್ ಪುಸ್ತಕದವರು ಬಿಳಿ ಜಾಗದಲ್ಲಿ ಉಳಿತಾಯ ಮಾಡಿಯೂ ಹೇಗೋ ನಿಭಾಯಿಸಬಹುದು. ನಮಗೆ ಅದು ದುಬಾರಿ.

ಸಾಲು ಸಾಲಿನ ನಡುವಿನ ಅಂತರದ ವಿಷಯ ಇನ್ನೂ ಕಟುವಾದದ್ದು. ಮೂರನೆಯ ಎಳೆ ಹರಿಯುವುದೂ ಇಲ್ಲಿಯೇ. ಪುಟ ಕಟ್ಟುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಅಕ್ಷರದ ಗಾತ್ರದ ಶೇ 120ರಷ್ಟನ್ನು ಸಾಲಿನ ಅಳತೆ ಎಂದು ತಾವಾಗಿ ಹಿಡಿಯುತ್ತವೆ. ಹತ್ತು ಪಾಯಿಂಟಿಗೆ ಹನ್ನೆರಡು. ರೋಮನ್ ಚಿಕ್ಕಕ್ಷರಗಳಲ್ಲಿ ಸಾಲಿನ ಕೆಳಗೆ ಇಳಿಯುವವು ಐದಾರು ಮಾತ್ರ, ಅವಕ್ಕೆ ಈ ಲೆಕ್ಕ ಸಾಕು. ಕನ್ನಡದಲ್ಲಿ ಒತ್ತಕ್ಷರ ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ಇಳಿಯುತ್ತದೆ. ರಾಷ್ಟ್ರ, ಶಾಸ್ತ್ರ, ಸ್ತ್ರೀ ಬಂದರಂತೂ ಒತ್ತಿಗೆ ಇನ್ನೊಂದು ಒತ್ತು. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ. ಮೇಲಿನ ಒತ್ತು, ಕೆಳಗಿನ ಗುಡಿಸು ಎರಡೂ ಒಂದನ್ನೊಂದು ಮುಟ್ಟಿದರೆ ಕಣ್ಣು ಹಿಡಿದು ಹೋಗುವ ಬಿಳಿಯ ಪಟ್ಟಿಯೇ ಕಡಿದುಹೋಗುತ್ತದೆ, ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಮರಳುವಾಗ ದಾರಿ ತಪ್ಪುತ್ತದೆ. ಇನ್ನೊಂದು ತೊಡಕೂ ಇದೆ. ಪಾಯಿಂಟ್ ಎಂಬುದು ಅಕ್ಷರದ ಎತ್ತರವನ್ನು ಅಳೆಯುವುದಿಲ್ಲ. ಸೀಸದ ಮೊಳೆಯ ಕಾಲದಲ್ಲಿ ಅದು ಅಕ್ಷರವನ್ನು ಹೊತ್ತ ಮೊಳೆಯ ಅಳತೆ, ಇಂದು ಅದೇ ಪೆಟ್ಟಿಗೆಯ ಕಾಲ್ಪನಿಕ ರೂಪ. ಆ ಪೆಟ್ಟಿಗೆಯೊಳಗೆ ಒತ್ತಿಗೆ ಎಷ್ಟು ಜಾಗ ಇಡಬೇಕು ಎಂಬುದನ್ನು ಒಬ್ಬೊಬ್ಬ ಅಕ್ಷರ ವಿನ್ಯಾಸಕಾರ ಒಂದೊಂದು ರೀತಿ ತೀರ್ಮಾನಿಸುತ್ತಾನೆ. ಹಾಗಾಗಿ ಒಂದು ಫಾಂಟಿನ ಹನ್ನೆರಡು ಇನ್ನೊಂದರ ಹದಿನಾಲ್ಕಾಗಿ ಕಾಣಬಹುದು. ‘ಕನ್ನಡಕ್ಕೆ ಹನ್ನೆರಡು ಪಾಯಿಂಟ್ ಇಡಿ’ ಎಂದು ಫಾಂಟಿನ ಹೆಸರು ಹೇಳದೆ ಕೊಡುವ ಸಲಹೆಗೆ ಅರ್ಥವೇ ಇಲ್ಲ.

ಸಾಲಿನ ಉದ್ದದ ನಿಯಮವೂ ಹೀಗೆಯೇ. ಒಂದು ಸಾಲಿನಲ್ಲಿ 45ರಿಂದ 75 ಅಕ್ಷರ ಎಂಬ ಲೆಕ್ಕ ಕೈಪಿಡಿಗಳಲ್ಲಿ ಸಿಗುತ್ತದೆ. ಅದು ರೋಮನ್ ಅಕ್ಷರಗಳನ್ನು ಎಣಿಸಿ ಮಾಡಿದ್ದು. ‘ಹೋಗಬೇಕಾಗಿದ್ದುದರಿಂದ’ ಎಂಬ ಒಂದು ಪದದಲ್ಲಿ ನಮಗೆ ಒಂಬತ್ತು ಅಕ್ಷರ. ಅದನ್ನೇ ಕಂಪ್ಯೂಟರ್ ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಎರಡರಷ್ಟಾಗುತ್ತದೆ. ಪ್ರತ್ಯಯದ ಮೇಲೆ ಪ್ರತ್ಯಯ ಹತ್ತಿ ಪದ ಬೆಳೆಯುವ ಭಾಷೆಯಲ್ಲಿ ಪತ್ರಿಕೆಯ ಕಿರಿದಾದ ಅಂಕಣಕ್ಕೆ ಮೂರು ಪದ ಹಿಡಿದರೆ ಹೆಚ್ಚು. ಎರಡೂ ಅಂಚು ಸಮವಾಗಿರಬೇಕೆಂದು ಜಸ್ಟಿಫೈ ಮಾಡಿದಾಗ ಮುಂದಿನ ದೊಡ್ಡ ಪದ ಹಿಡಿಸದೆ ಕೆಳಕ್ಕಿಳಿಯುತ್ತದೆ, ಅದು ಬಿಟ್ಟುಹೋದ ಜಾಗವೆಲ್ಲ ಉಳಿದ ಎರಡು ಮೂರು ಪದಗಳ ನಡುವೆ ಹಂಚಿಹೋಗುತ್ತದೆ, ಪುಟದಲ್ಲಿ ಹೊಂಡಗಳು ಬೀಳುತ್ತವೆ. ಮೊಳೆ ಜೋಡಿಸುತ್ತಿದ್ದವರು ಪದವನ್ನು ಸಾಲಿನ ಕೊನೆಗೆ ಕತ್ತರಿಸಿ ಗೆರೆ ಹಾಕಿ ಇದನ್ನು ನಿಭಾಯಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಅಭ್ಯಾಸ ಬಹುತೇಕ ಕೈಬಿಟ್ಟಿತು, ಸಮ ಅಂಚಿನ ಹಟ ಮಾತ್ರ ಉಳಿಯಿತು. ವಿಚಿತ್ರವೆಂದರೆ ಅಂಚಿನಲ್ಲಿ ಐದು ಮಿಲಿಮೀಟರ್ ಬಿಟ್ಟರೆ ದಂಡ ಎನ್ನುವವರಿಗೆ ಪದಗಳ ನಡುವೆ ಬಿದ್ದ ಈ ಜಾಗ ದಂಡವಾಗಿ ಕಾಣುವುದಿಲ್ಲ. ಬಲಗಡೆಯ ಅಂಚನ್ನು ಹಾಗೆಯೇ ಏರುಪೇರಾಗಿ ಬಿಟ್ಟರೆ ಜಾಗ ಅಷ್ಟೇ ಹಿಡಿಯುತ್ತದೆ, ಹೊಂಡಗಳು ಇರುವುದಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಪ್ರಕಾಶಕರ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಇದೇ. ಡೆಮಿ 1/8 ಪುಟದ ಅಳತೆ ಸುಮಾರು 140 ಮಿ.ಮೀ. ಅಗಲ, 216 ಮಿ.ಮೀ. ಉದ್ದ. ಬೆನ್ನಿನ ಕಡೆ 20, ಹೊರಗಡೆ 17, ಮೇಲೆ 20, ಕೆಳಗೆ 26 ಮಿ.ಮೀ. ಅಂಚು ಬಿಟ್ಟರೆ ಅಕ್ಷರಕ್ಕೆ 103 × 170 ಮಿ.ಮೀ. ಸಿಗುತ್ತದೆ, ಪುಟದ ಶೇ 58ರಷ್ಟು. ಅಂಚುಗಳನ್ನು 11, 10, 12, 13ಕ್ಕೆ ಇಳಿಸಿದರೆ 119 × 191, ಅಂದರೆ ಶೇ 75. ಸಾಲಿನ ಅಳತೆ 17 ಪಾಯಿಂಟ್, ಅಂದರೆ 6 ಮಿ.ಮೀ. ಇರುವ ಪುಸ್ತಕ ಹಾಗೆ ಹಿಗ್ಗಿಸಿದಾಗ 208 ಪುಟಗಳಿಂದ ಸುಮಾರು 160ಕ್ಕೆ ಇಳಿಯುತ್ತದೆ. ಹದಿನಾರು ಪುಟದ ಫಾರಂ ಲೆಕ್ಕದಲ್ಲಿ 13 ಫಾರಂ 10 ಆಯಿತು. ಇದು ಸಣ್ಣ ಉಳಿತಾಯವಲ್ಲ. ಆದರೆ ಇಲ್ಲಿ ಒಂದು ವಿಷಯ ಕೈಬಿಟ್ಟಿದೆ. ಅಕ್ಷರದ ಗಾತ್ರ, ಸಾಲಿನ ಉದ್ದ, ಸಾಲುಗಳ ನಡುವಿನ ಅಂತರ ಈ ಮೂರೂ ಒಂದಕ್ಕೊಂದು ಕಟ್ಟುಬಿದ್ದಿವೆ. ಸಾಲು ಉದ್ದವಾದಷ್ಟೂ ಕಣ್ಣು ಮರಳಬೇಕಾದ ದೂರ ಹೆಚ್ಚು, ಅಂತರವನ್ನೂ ಹೆಚ್ಚಿಸದಿದ್ದರೆ ಓದಿದ ಸಾಲನ್ನೇ ಮತ್ತೆ ಓದುವ ಕಾಟ ಶುರುವಾಗುತ್ತದೆ. ಸಾಲು 103ರಿಂದ 119ಕ್ಕೆ ಬೆಳೆದದ್ದಕ್ಕೆ ಅಂತರವನ್ನು 17ರಿಂದ 19 ಪಾಯಿಂಟಿಗೆ ಏರಿಸಿ ನೋಡಿ. ಪುಟಕ್ಕೆ ಮೊದಲು 28 ಸಾಲಿದ್ದವು. ಹಿಗ್ಗಿಸಿದ ಪುಟದಲ್ಲಿಯೂ ಈಗ 28 ಸಾಲೇ. 208 ಪುಟದ ಪುಸ್ತಕ 180ಕ್ಕೆ ಇಳಿಯುತ್ತದೆ, ಎರಡು ಫಾರಂ ಕೂಡ ಪೂರ್ತಿ ಉಳಿಯುವುದಿಲ್ಲ. ಅಂತರ ಏರಿಸುವುದಿಲ್ಲ ಎಂದರೆ ಮೂರು ಫಾರಂ ಉಳಿದದ್ದು ನಿಜ, ಅದರ ಖರ್ಚನ್ನು ಓದುಗನ ಕಣ್ಣು ಹೊತ್ತಿತು ಎಂಬುದೂ ನಿಜ.

ರೂಪಾಯಿಯಲ್ಲಿ ಹೇಳುವುದಾದರೆ, ಕಾಗದ ಮತ್ತು ಮುದ್ರಣದ ಖರ್ಚು ಮುಖಬೆಲೆಯ ಮೂರನೇ ಒಂದು ಭಾಗ ಎಂದು ವಾದಕ್ಕಾಗಿ ಹಿಡಿಯೋಣ. 200 ರೂಪಾಯಿಯ ಪುಸ್ತಕದಲ್ಲಿ ಮೂರು ಫಾರಂ ಉಳಿದರೆ ಹದಿನೈದು ರೂಪಾಯಿ ಉಳಿಯಬಹುದು. ಹೊದಿಕೆ, ಬೈಂಡಿಂಗ್, ಮಾರಾಟಗಾರರ ಕಮಿಷನ್ ಯಾವುದೂ ಅಂಚಿನ ಜೊತೆಗೆ ಕುಗ್ಗುವುದಿಲ್ಲ. ಹದಿನೈದು ರೂಪಾಯಿಯನ್ನು ನಾನು ಹಗುರವಾಗಿ ಎಣಿಸುತ್ತಿಲ್ಲ. ಶಾಲಾ ಮಕ್ಕಳಿಗೆ, ಸಾವಿರಾರು ಪ್ರತಿಗಳಲ್ಲಿ ಹೋಗಬೇಕಾದ ಪುಸ್ತಕಕ್ಕೆ ಅದು ದೊಡ್ಡ ಮೊತ್ತ. ಅಂಥಲ್ಲಿ ಕಿರಿದಾಗಿ ಬರೆದ ಅಕ್ಷರಗಳ ಫಾಂಟ್ ಆರಿಸಿಕೊಳ್ಳಬಹುದು, ಎರಡು ಅಂಕಣ ಮಾಡಬಹುದು, ಅಧ್ಯಾಯಗಳನ್ನು ಹೊಸ ಪುಟದಲ್ಲೇ ಆರಂಭಿಸುವ ಶಿಸ್ತನ್ನು ಬಿಡಬಹುದು. ಬೆನ್ನಿನ ಕಡೆಯ ಅಂಚನ್ನು ಮಾತ್ರ ಕೊನೆಗೂ ಮುಟ್ಟಬಾರದು. ಹೊಲಿಗೆ ಹಾಕದೆ ಅಂಟಿನಲ್ಲಿ ಕಟ್ಟಿದ ದಪ್ಪ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಅಂಚಿನ ಒಂದು ಪಾಲನ್ನು ಬೆನ್ನೇ ನುಂಗುತ್ತದೆ. ಬಲವಂತವಾಗಿ ಬಿಚ್ಚಿ ಓದಿದರೆ ಹಾಳೆ ಕಳಚುತ್ತದೆ. ಓದುಗ ಅದನ್ನು ಬೈಂಡಿಂಗಿನ ದೋಷ ಎಂದುಕೊಳ್ಳುತ್ತಾನೆ, ನಿಜವಾದ ತಪ್ಪು ಅಂಚಿನದು.

ಇನ್ನು ಪರಂಪರೆಯ ಹೆಸರಿನಲ್ಲಿ ಬರುವ ಆಕ್ಷೇಪ. ಓಲೆಗರಿಯಲ್ಲಿ ಪದಗಳ ನಡುವೆಯೂ ಜಾಗ ಬಿಡದೆ ಬರೆಯುತ್ತಿದ್ದರು, ಪಂಚಾಂಗದ ಪುಟದಲ್ಲಿ ಬೆರಳಿಡಲು ಜಾಗವಿಲ್ಲ, ನಮ್ಮವರು ಓದಲಿಲ್ಲವೇ? ಓದಿದರು. ಆದರೆ ಓಲೆಗರಿಯ ಕಾವ್ಯವನ್ನು ಓದುತ್ತಿದ್ದವನಿಗೆ ಛಂದಸ್ಸೇ ವಿರಾಮಗಳನ್ನು ಹೇಳುತ್ತಿತ್ತು, ಅವನು ಗಟ್ಟಿಯಾಗಿ ಓದುತ್ತಿದ್ದ, ಪಠ್ಯ ಬಹುಪಾಲು ಪರಿಚಿತವಾಗಿರುತ್ತಿತ್ತು. ಅಷ್ಟು ಇಕ್ಕಟ್ಟಿನಲ್ಲಿಯೂ ಲಿಪಿಕಾರರು ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಡುತ್ತಿದ್ದರು, ದಾರ ಉಜ್ಜಿ ಅಕ್ಷರ ಹಾಳಾಗದಿರಲಿ ಎಂದು; ಗರಿಯ ತುದಿಗಳಲ್ಲೂ ಬಿಡುತ್ತಿದ್ದರು. ಪಂಚಾಂಗದ ವಿಷಯ ಇನ್ನೂ ಸ್ವಾರಸ್ಯದ್ದು. ಒಂಟಿಕೊಪ್ಪಲ್ ಪಂಚಾಂಗವನ್ನು ಯಾರೂ ಮೊದಲ ಪುಟದಿಂದ ಕೊನೆಯವರೆಗೆ ಓದುವುದಿಲ್ಲ. ಇವತ್ತಿನ ತಿಥಿ, ನಕ್ಷತ್ರ, ರಾಹುಕಾಲ ಹುಡುಕುತ್ತಾರೆ. ಹುಡುಕುವ ಕಣ್ಣಿಗೆ ಕಂಬಸಾಲು, ಅಡ್ಡಸಾಲುಗಳ ಚೌಕಟ್ಟು ಸಾಕು. ಸಂಬಂಧ ತೋರಿಸುವ ಕೆಲಸವನ್ನು ಅಲ್ಲಿ ಗೆರೆಗಳು ಮಾಡುತ್ತವೆ, ಬಿಳಿ ಜಾಗದ ಅಗತ್ಯ ಕಡಿಮೆ. 1894ರ ಕಿಟೆಲ್ ನಿಘಂಟಿನ ಒತ್ತಾದ ಪುಟವೂ ಕೆಲಸಕ್ಕೆ ಬರುವುದು ಇದೇ ಕಾರಣಕ್ಕೆ: ಪದ ಕನ್ನಡದಲ್ಲಿದೆ, ಅರ್ಥ ಇಂಗ್ಲಿಷಿನಲ್ಲಿದೆ, ಲಿಪಿ ಬದಲಾಗುವುದೇ ಗುರುತು. ಈ ಉದಾಹರಣೆಗಳು ನನ್ನ ವಾದವನ್ನು ತಿದ್ದುತ್ತವೆ, ಕೆಡಿಸುವುದಿಲ್ಲ. ಬೇಕಾಗಿರುವುದು ಸಂಬಂಧ ಕಾಣುವುದು. ನಿಲ್ಲದೆ ಓದಿಕೊಂಡು ಹೋಗಬೇಕಾದ ಗದ್ಯದಲ್ಲಿ ಗೆರೆಗಳನ್ನು ಹಾಕುವಂತಿಲ್ಲವಾದ್ದರಿಂದ ಅದನ್ನು ಬಿಳಿ ಜಾಗವೇ ತೋರಿಸಬೇಕು. ಮದುವೆ ಕರೆಯೋಲೆಯ ತುಂಬಿ ತುಳುಕುವ ಪುಟವನ್ನು ನಾನು ಈ ಚರ್ಚೆಗೆ ಎಳೆಯುವುದಿಲ್ಲ. ಅಲ್ಲಿ ಬಳಗ ದೊಡ್ಡದೆಂದು ತೋರಿಸುವುದೇ ಉದ್ದೇಶ, ಪುಟ ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಎದುರು ದಿಕ್ಕಿನಿಂದಲೂ ಗೊಂದಲ ಬರುತ್ತದೆ. ಬಿಳಿ ಜಾಗವೆಂದರೆ ಅಂತಸ್ತು ಎಂದು ನಂಬಿದವರಿದ್ದಾರೆ. ಒಡವೆ ಅಂಗಡಿಯ ಜಾಹೀರಾತಿನಲ್ಲಿ ಇಡೀ ಪುಟ ಖಾಲಿ ಬಿಟ್ಟು ಮೂಲೆಯಲ್ಲಿ ಒಂದು ಉಂಗುರ ಇಡುವುದು ‘ಇಷ್ಟು ಜಾಗ ಪೋಲು ಮಾಡುವ ಶಕ್ತಿ ನಮಗಿದೆ’ ಎಂದು ಹೇಳುವ ರೀತಿ. ಪುಸ್ತಕಕ್ಕೆ ಆ ಬಿಳಿಯಿಂದ ಪ್ರಯೋಜನವಿಲ್ಲ. ಇನ್ನು ಕೆಲವು ಸಲ ಬಿಳಿ ಜಾಗ ಬರೀ ವ್ಯವಹಾರ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಬೆಲೆಯನ್ನು ಪುಟಗಳ ಲೆಕ್ಕದಲ್ಲಿ ಹಿಡಿಯುವುದರಿಂದ ಐವತ್ತು ಪುಟದ ಕವಿತೆಗಳು ನೂರು ಪುಟವಾಗಿ ಉಬ್ಬುವುದುಂಟು. ಜಾಗ ಉಳಿಸಿ ಕಣ್ಣನ್ನು ದಣಿಸುವ ಪುಸ್ತಕ, ಜಾಗ ಉಬ್ಬಿಸಿ ಖಜಾನೆಯನ್ನು ದಣಿಸುವ ಪುಸ್ತಕ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು: ಎರಡೂ ಬಿಳಿ ಜಾಗವನ್ನು ಪ್ರಮಾಣದಲ್ಲಿ ಅಳೆದವು, ಅದು ಎಲ್ಲಿದೆ ಎಂದು ನೋಡಲಿಲ್ಲ. ಹಳೆಯ ಯುರೋಪಿನ ಹಸ್ತಪ್ರತಿಗಳಲ್ಲಿ, ಮೊದಲ ಅಚ್ಚುಪುಸ್ತಕಗಳಲ್ಲಿ ಕಾಣುವ ಒಂದು ಮಾದರಿಯಲ್ಲಿ ಪುಟದ ಅಗಲ ಉದ್ದಗಳು 2:3, ಒಳಗಡೆಯ ಮತ್ತು ಮೇಲಿನ ಅಂಚು ಒಂಬತ್ತನೇ ಒಂದು, ಹೊರಗಡೆಯದು ಮತ್ತು ಕೆಳಗಿನದು ಒಂಬತ್ತನೇ ಎರಡು. ಅದರ ಪ್ರಕಾರ ಅಕ್ಷರಕ್ಕೆ ಉಳಿಯುವುದು ಪುಟದ ಒಂಬತ್ತನೇ ನಾಲ್ಕು ಭಾಗ, ಅರ್ಧಕ್ಕಿಂತ ಕಡಿಮೆ. ಅದನ್ನು ಇವತ್ತಿನ ಡೆಮಿ 1/8ಕ್ಕೆ ಹಾಗೆಯೇ ತರಬೇಕೆಂದು ನಾನು ಹೇಳಲಾರೆ. ಆ ಮಾದರಿಯನ್ನು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಎತ್ತಿ ತೋರಿಸಿದವರಲ್ಲಿ ಮುದ್ರಣ ವಿನ್ಯಾಸಕಾರ ಯಾನ್ ಚಿಕೋಲ್ಡ್ ಪ್ರಮುಖ. 1928ರಲ್ಲಿ ಇವನೇ ಹಳೆಯ ಸಮಮಿತಿಯ ಪುಟ ಸತ್ತಿತೆಂದು ಪುಸ್ತಕ ಬರೆದವನು; 1947ರಲ್ಲಿ ಪೆಂಗ್ವಿನ್ ಪ್ರಕಾಶನ ಸೇರಿದಾಗ ಸಮಮಿತಿಗೇ ಮರಳಿದ್ದ. ನಡುವೆ ಅವನ ಶೈಲಿ ತಲೆಕೆಳಗಾಯಿತು. ಎರಡೂ ಕಾಲದಲ್ಲಿ ಬದಲಾಗದೆ ಉಳಿದದ್ದು ಅಂತರಗಳ ಬಗೆಗಿನ ಕಟ್ಟುನಿಟ್ಟು. ಪೆಂಗ್ವಿನ್ನಿನಲ್ಲಿ ಮೊಳೆ ಜೋಡಿಸುವವರಿಗೆಂದು ಅವನು ಬರೆದುಕೊಟ್ಟ ನಾಲ್ಕು ಪುಟದ ನಿಯಮಗಳಲ್ಲಿ ಪದಗಳ ನಡುವಿನ ಜಾಗಕ್ಕೆ ಸಿಕ್ಕ ಗಮನ ಅಲಂಕಾರಕ್ಕೆ ಸಿಕ್ಕಿಲ್ಲ.

ಕೊನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಕಣ್ಣು ಅಭ್ಯಾಸದ ದಾಸ, ಇಕ್ಕಟ್ಟಾದ ಪುಟಕ್ಕೆ ಒಗ್ಗಿದವರು ಅದನ್ನೇ ಸಲೀಸಾಗಿ ಓದುತ್ತಾರೆ ಎಂಬುದು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ಕೂತ ಹುಡುಗನಿಗೆ ಅಂಚು ಎಷ್ಟಿದ್ದರೇನು? ಬೇಕೇ ಬೇಕು ಎಂದು ಬಂದ ಓದುಗ ಎಂಥ ಪುಟವನ್ನೂ ಓದಿಬಿಡುತ್ತಾನೆ. ಪುಟವಿನ್ಯಾಸ ಓದನ್ನು ಎಷ್ಟು ಬದಲಿಸುತ್ತದೆ ಎಂಬ ಬಗ್ಗೆ ವಿನ್ಯಾಸಕಾರರು ಉಬ್ಬಿಸಿ ಹೇಳುವುದೂ ಉಂಟು. ಆದರೆ ನಮ್ಮ ಪುಸ್ತಕಗಳಲ್ಲಿ ಹೆಚ್ಚಿನವು ಕಾಯುವುದು ಇನ್ನೊಂದು ಬಗೆಯ ಓದುಗನಿಗೆ. ಅವನಿಗೆ ಆ ಪುಸ್ತಕ ಓದಲೇಬೇಕಾದ ಒತ್ತಡವಿಲ್ಲ, ಕನ್ನಡಕದ ನಂಬರ್ ಏರಿದೆ, ಕೈಯಲ್ಲಿ ಫೋನ್ ಇದೆ. ಪುಟ ಕಷ್ಟವಾದರೆ ಅವನು ಪ್ರಕಾಶಕರಿಗೆ ದೂರು ಬರೆಯುವುದಿಲ್ಲ, ವಿನ್ಯಾಸ ಕೆಟ್ಟಿದೆ ಎಂದೂ ಹೇಳುವುದಿಲ್ಲ. ಪುಸ್ತಕ ಯಾಕೋ ಹಿಡಿಸಲಿಲ್ಲ ಎನ್ನುತ್ತಾನೆ. ‘ಇಲ್ಲಿಯವರೆಗೆ ಯಾರೂ ತಕರಾರು ಮಾಡಿಲ್ಲ’ ಎಂಬ ಸಮಾಧಾನಕ್ಕೆ ಪುರಾವೆಯ ಬೆಲೆ ಕೊಡಲಾಗದು.

ಇಷ್ಟಾದರೂ ಮೂರು ಫಾರಂ ಉಳಿಸಲೇಬೇಕು ಎನ್ನುವವರಿಗೆ ಇನ್ನೊಂದು ದಾರಿ ಇದೆ. ನಮ್ಮ ಪುಸ್ತಕಗಳನ್ನು ಮೊದಲಿನಿಂದ ತೆರೆಯುತ್ತ ಹೋಗಿ: ಅರ್ಧಶೀರ್ಷಿಕೆ, ಅರ್ಪಣೆ, ಪ್ರಕಾಶಕರ ಮಾತು, ಹಿರಿಯರೊಬ್ಬರ ಮುನ್ನುಡಿ, ಇನ್ನೊಬ್ಬರ ಹಾರೈಕೆ, ಲೇಖಕರ ಅರಿಕೆ, ಎರಡು ಪುಟದ ಕೃತಜ್ಞತೆ, ಕೊನೆಯಲ್ಲಿ ಲೇಖಕರ ಇತರ ಕೃತಿಗಳು, ಹಿಂದಿನ ಕೃತಿಗಳಿಗೆ ಬಂದ ಪ್ರಶಂಸೆಗಳು. ಫಾರಂ ಲೆಕ್ಕ ಹಾಕಿ ನೋಡಿದರೆ ಅಂಚಿನಲ್ಲಿ ಕತ್ತರಿಸಲು ಹೊರಟದ್ದರಲ್ಲಿ ಬಹುಪಾಲು ಇಲ್ಲೇ ಸಿಗುತ್ತದೆ. ಈ ಸಲಹೆಯನ್ನು ಲೇಖಕರ ಮುಂದಿಡುವ ಧೈರ್ಯ ಯಾವ ಪ್ರಕಾಶಕರಿಗಿದೆಯೋ ಗೊತ್ತಿಲ್ಲ. ಅಂಚು ಎದುರುತ್ತರ ಕೊಡುವುದಿಲ್ಲವಾದ್ದರಿಂದ ಕತ್ತರಿ ಅದರ ಮೇಲೆಯೇ ಬೀಳುತ್ತದೆ.